ಸೊನ್ನೆ ಟಿಕೆಟ್ಟು, ಸೊನ್ನೆ ಬಡ್ಡಿ

ಆಷಾಢ ಬಂತೆಂದರೆ ನಮ್ಮ ಅತ್ತೆಯವರ ಕಾಲದಲ್ಲಿ ನೆನಪಾಗುತ್ತಿದ್ದದ್ದು ಎರಡೇ. ಒಂದು, ಬೀಸುವ ಗಾಳಿ. ಇನ್ನೊಂದು, ಹೊಸದಾಗಿ ಮದುವೆಯಾದ ಹುಡುಗಿ ತವರಿಗೆ ಹೊರಡುವುದು. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎನ್ನುವ ತಿಂಗಳು ಅದು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಸೀರೆ ಅಂಗಡಿಯವರು ನೊಣ ಹೊಡೆಯುತ್ತಾ ಕೂರಬೇಕು. ಹಾಗೆ ಕೂರುವ ಬದಲು ಬೆಲೆ ಇಳಿಸಿ ಹಳೆಯ ದಾಸ್ತಾನು ಖಾಲಿ ಮಾಡೋಣ ಎಂದು ವ್ಯಾಪಾರಿಗಳು ಹೊರಟರು ನೋಡಿ, ಅಲ್ಲಿಂದ ಆಷಾಢದ ಹೆಸರೇ ಬದಲಾಯಿತು. ಈಗ ನಮ್ಮ ಬಾಯಲ್ಲಿ ಆಷಾಢವೆಂದರೆ ಸೇಲು.

ನಮ್ಮೂರು ತಿಪಟೂರು. ಕೊಬ್ಬರಿಗೆ ಹೆಸರಾದ ಊರು. ನಮ್ಮ ಯಜಮಾನರು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಇಲ್ಲೂ ಬಟ್ಟೆ ಅಂಗಡಿಗಳಿಗೇನೂ ಬರವಿಲ್ಲ. ಆದರೂ ಆಷಾಢದಲ್ಲಿ ಒಮ್ಮೆ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿಬರದಿದ್ದರೆ ಏನೋ ಕಳೆದುಕೊಂಡ ಹಾಗೆ. ನಿಮಗೂ ಹಾಗೆ ಅನ್ನಿಸಿದ್ದುಂಟಲ್ಲವೇ? ಅದರ ಮೇಲೆ 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ರಾಜಹಂಸ, ಐರಾವತಗಳಿಗಲ್ಲ, ಸಾಮಾನ್ಯ ಕೆಂಪು ಬಸ್ಸುಗಳಿಗೆ. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಸೊನ್ನೆ ಟಿಕೆಟ್ಟು ಹರಿದು ಕೊಡುತ್ತಾರೆ. ಇನ್ನು ಹೋಗಬೇಡಿ ಎಂದರೆ ಯಾರು ಕೇಳುತ್ತಾರೆ?

2024ರ ಆಷಾಢದ ಮೊದಲ ವಾರ ನಾನು, ನನ್ನ ವಾರಗಿತ್ತಿ ಇಬ್ಬರೂ ಹೊರಟೆವು. ಶ್ರಾವಣದಲ್ಲಿ ನಾದಿನಿಯ ಮಗಳ ಮದುವೆಯಿತ್ತು. ವರಮಹಾಲಕ್ಷ್ಮಿ ಹಬ್ಬವೂ ಹತ್ತಿರವಿತ್ತು. ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ 6,000 ರೂಪಾಯಿ ನನ್ನ ಚೀಲದಲ್ಲಿತ್ತು. ಅದರಲ್ಲೇ ಒಂದು ಸೀರೆ, ಮಗಳಿಗೆ ಒಂದು ಚೂಡಿದಾರ್, ಬ್ಲೌಸ್ ಪೀಸು, ಎಲ್ಲ ಮುಗಿಸಬೇಕೆಂದು ಚೀಟಿ ಬರೆದುಕೊಂಡಿದ್ದೆ.

ಬೆಳಗಿನ ಬಸ್ಸಿನ ಪ್ರಯಾಣವೆಂದರೆ ನನಗೆ ಇಂದಿಗೂ ಹಬ್ಬ. ಕೆ.ಬಿ. ಕ್ರಾಸ್ ದಾಟುವವರೆಗೂ ಎರಡೂ ಕಡೆ ತೆಂಗಿನ ತೋಟ. ನಿಟ್ಟೂರು, ಗುಬ್ಬಿ. ಗುಬ್ಬಿ ಬಂದಾಗಲೆಲ್ಲ ನಮ್ಮ ತಂದೆಯವರು ವೀರಣ್ಣನವರ ನಾಟಕ ಕಂಪನಿಯ ಮಾತೆತ್ತುತ್ತಿದ್ದದ್ದು ನೆನಪಾಗುತ್ತದೆ. ತುಮಕೂರು ದಾಟಿದರೆ ಕ್ಯಾತಸಂದ್ರದ ತಟ್ಟೆ ಇಡ್ಲಿ. ಬಸ್ಸು ನಿಲ್ಲದಿದ್ದರೂ ಬಾಯಲ್ಲಿ ನೀರು ನಿಲ್ಲುವುದಿಲ್ಲ! ಆಮೇಲೆ ದಾಬಸ್‌ಪೇಟೆಯ ಹತ್ತಿರ ಶಿವಗಂಗೆ ಬೆಟ್ಟ ಕಾಣಿಸುತ್ತದೆ. ಕೂತಲ್ಲಿಂದಲೇ ಕೈಮುಗಿದೆವು. ನೆಲಮಂಗಲ ಬಂತೆಂದರೆ ಬೆಂಗಳೂರಿನ ಹೊಗೆ ಮೂಗಿಗೆ ಬಡಿಯುತ್ತದೆ.

ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಬಣ್ಣದ ಮೆಟ್ರೋ ಹತ್ತಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ನೆಲದೊಳಗಿನ ನಿಲ್ದಾಣದಿಂದ ಮೇಲೆ ಬಂದರೆ ಬೇರೊಂದು ಲೋಕ. ಚಿಕ್ಕಪೇಟೆಯ ಬೀದಿ ಅಗಲವಿಲ್ಲ. ಇಬ್ಬರು ಜೊತೆಯಾಗಿ ನಡೆಯುವಂತಿಲ್ಲ. ತಲೆಯ ಮೇಲೆ ಬಟ್ಟೆಯ ಮೂಟೆ ಹೊತ್ತ ಹಮಾಲರು "ಜರುಗಿ, ಜರುಗಿ" ಎನ್ನುತ್ತಾ ನುಗ್ಗುತ್ತಾರೆ. ಮೇಲೆ ನೋಡಿದರೆ ವಿದ್ಯುತ್ ತಂತಿಗಳ ಜಾಲ. ಕೆಳಗೆ ನೋಡಿದರೆ ಎಳೆಯುವ ಗಾಡಿಗಳ ಚಕ್ರ. ನಡುವೆ ನಾವು, ಚೀಲ ಎದೆಗವಚಿಕೊಂಡು.

ಈ ಪೇಟೆಗೆ ವಯಸ್ಸೆಷ್ಟು ಗೊತ್ತೇ? 1537ರಲ್ಲಿ ಕೆಂಪೇಗೌಡರು ಬೆಂಗಳೂರು ಕಟ್ಟಿಸಿದಾಗಿನದು. ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಚೌಕದಲ್ಲಿ ನೇಗಿಲು ಕಟ್ಟಿದ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಬಿಟ್ಟು, ಅವು ಎಲ್ಲಿ ನಿಂತವೋ ಅಲ್ಲಿಗೆ ಊರಿನ ಎಲ್ಲೆ ಎಂದು ಗುರುತಿಸಿದರಂತೆ. ಆ ದೊಡ್ಡಪೇಟೆಯೇ ಈಗಿನ ಅವೆನ್ಯೂ ರಸ್ತೆ. ಸುತ್ತ ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ, ಹೀಗೆ ಒಂದೊಂದು ಕಸುಬಿಗೆ ಒಂದೊಂದು ಬೀದಿ. ಆ ಎತ್ತುಗಳಿಗೆ ಎಲ್ಲಿ ನಿಲ್ಲಬೇಕೆಂದು ಗೊತ್ತಿತ್ತು. ಅದೇ ಚೌಕದಲ್ಲಿ ನಿಂತ ನನಗೆ ಗೊತ್ತಾಗಲಿಲ್ಲ. ಅದನ್ನು ಹೇಳಲೆಂದೇ ಈ ಬರಹ.

ಎಲ್ಲ ಅಂಗಡಿಯ ಮುಂದೆಯೂ ಫಲಕಗಳು. ಮಾರುದ್ದದ ಅಕ್ಷರದಲ್ಲಿ "ಶೇ. 50 ರಿಯಾಯಿತಿ". ಅದರ ಪಕ್ಕದಲ್ಲಿ ಎಳ್ಳುಕಾಳಿನಷ್ಟು ಸಣ್ಣದಾಗಿ "ವರೆಗೆ". ಈ "ವರೆಗೆ" ಎಂಬುದನ್ನು ಓದಲು ನನ್ನ ಕನ್ನಡಕ ಸಾಲಲಿಲ್ಲ. ಒಂದು ಅಂಗಡಿಯಲ್ಲಿ "ಎರಡು ಕೊಂಡರೆ ಒಂದು ಉಚಿತ". ಅರ್ಧಕ್ಕೆ ಅರ್ಧ ಉಳಿಯಿತೆಂದು ವಾರಗಿತ್ತಿ ಹಿಗ್ಗಿದಳು. ಅರ್ಧವಲ್ಲ, ಮೂರಕ್ಕೆ ಎರಡರ ಬೆಲೆ, ಅಂದರೆ ಉಳಿತಾಯ ನೂರಕ್ಕೆ 33 ಮಾತ್ರ. ಅದೂ ಮೂರು ಸೀರೆ ನಿಮಗೆ ಬೇಕಿದ್ದರೆ! ಇನ್ನೊಂದು ಕಡೆ "50ರ ಮೇಲೆ ಮತ್ತೆ 20". ಎಪ್ಪತ್ತು ಎಂದುಕೊಂಡಿರಾ? ನೂರರಲ್ಲಿ ಐವತ್ತು ಹೋದರೆ ಐವತ್ತು. ಆ ಐವತ್ತರಲ್ಲಿ ನೂರಕ್ಕೆ ಇಪ್ಪತ್ತು ಎಂದರೆ ಹತ್ತು. ಒಟ್ಟು ಅರವತ್ತು. ಇಷ್ಟು ಲೆಕ್ಕ ನನಗೆ ಅಂದೂ ಬರುತ್ತಿತ್ತು. ಬೀದಿಯಲ್ಲಿ ಬುದ್ಧಿ ಚೆನ್ನಾಗಿಯೇ ಇತ್ತು. ಅಂಗಡಿಯ ಗಾದಿಯ ಮೇಲೆ ಕೂತ ಮೇಲೆ ಕೈಕೊಟ್ಟಿತು.

ಚಪ್ಪಲಿ ಬಿಟ್ಟು ಬಿಳಿ ಹೊದಿಕೆಯ ಗಾದಿಯ ಮೇಲೆ ಕೂತೆವು. "ಬನ್ನಿ ಅಕ್ಕ, ನೋಡೋಕ್ಕೆ ದುಡ್ಡಿಲ್ಲ" ಎಂದು ಹುಡುಗ ಒಂದೊಂದೇ ಸೀರೆ ಬಿಚ್ಚಿ ಎಸೆದ. ಮೂರು ಸಾವಿರದವು, ನಾಲ್ಕು ಸಾವಿರದವು ಬಂದವು. ನನ್ನ ಚೀಟಿಗೆ ಸರಿಹೊಂದುವಂಥವೇ. ಆಮೇಲೆ, "ಇದು ನಿಮ್ಗಲ್ಲ ಅಕ್ಕ, ಸುಮ್ನೆ ನೋಡಿ" ಎಂದು ಒಂದನ್ನು ಬಿಚ್ಚಿದ. ಗಿಳಿಹಸಿರು ಒಡಲು, ಕುಂಕುಮದ ಬಣ್ಣದ ಅಂಚು, ಸೆರಗಿನ ತುಂಬ ಜರಿಯ ಮಾವಿನಕಾಯಿ. ನನ್ನ ಮದುವೆಯಲ್ಲಿ ಅಮ್ಮ ಕೊಡಿಸಬೇಕೆಂದಿದ್ದು ಕೊಡಿಸಲಾಗದೆ ಹೋದ ಬಣ್ಣ ಅದೇ. ಹುಡುಗನಿಗೆ ಅದು ಹೇಗೆ ಗೊತ್ತಾಗಬೇಕು? ಆದರೆ ನನ್ನ ಮುಖ ಅವನಿಗೆ ಎಲ್ಲ ಹೇಳಿತ್ತು.

ಚೀಟಿಯಲ್ಲಿ 18,000 ಎಂದು ಬರೆದು ಗೀಟು ಎಳೆದಿತ್ತು. ನೂರಕ್ಕೆ ನಲವತ್ತು ರಿಯಾಯಿತಿ ಕಳೆದು 10,800. ನನ್ನ ಬಳಿ ಆರು ಸಾವಿರ ಎಂದೆ. "ದುಡ್ಡು ಈಗ್ಯಾಕೆ ಅಕ್ಕ? ಇವತ್ತು ಮೂರು ಸಾವಿರದ ಆರುನೂರು ಕೊಡಿ. ಇನ್ನೆರಡು ಕಂತು ಮುಂದಿನ ತಿಂಗ್ಳು, ಅದರ ಮುಂದಿನ ತಿಂಗ್ಳು. ಬಡ್ಡಿ ಸೊನ್ನೆ!" ಎಂದ. ಬಸ್ಸಿನಲ್ಲಿ ಸೊನ್ನೆ, ಇಲ್ಲೂ ಸೊನ್ನೆ. ನನ್ನ ಕಣ್ಣಿಗೆ ಎರಡೂ ಒಂದೇ ಥರ ಕಂಡವು.

ಕಂತಿನ ಸೀರೆ ನಮಗೆ ಹೊಸದೇನಲ್ಲ. ನಮ್ಮಮ್ಮನ ಕಾಲದಲ್ಲಿ ಗಂಟು ಹೊತ್ತು ಮನೆ ಬಾಗಿಲಿಗೆ ಬರುತ್ತಿದ್ದವರು ಸೀರೆ ಕೊಟ್ಟು, ತಿಂಗಳಿಗಿಷ್ಟು ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ದುಡ್ಡಿಲ್ಲದ ತಿಂಗಳು "ಮುಂದಿನ ತಿಂಗಳು ಬಾಪ್ಪ" ಎಂದರೆ ಗೊಣಗಿಕೊಂಡು ಹೋಗುತ್ತಿದ್ದರು. ಇಲ್ಲಿ ಪುಸ್ತಕವಿಲ್ಲ, ಫೋನು. ಹುಡುಗನೇ ನನ್ನ ಫೋನು ಇಸಿದುಕೊಂಡು ಒಂದು ಆ್ಯಪ್ ಹಾಕಿದ. ಬಸ್ಸಿಗೆಂದು ತಂದ ಆಧಾರ್ ಕಾರ್ಡೇ ಇಲ್ಲಿಯೂ ಕೆಲಸಕ್ಕೆ ಬಂತು. ಪ್ಯಾನ್ ಕಾರ್ಡಿನ ಚಿತ್ರ ಫೋನಿನಲ್ಲಿಯೇ ಇತ್ತು. ನನ್ನ ಮುಖದ ಫೋಟೋ ತೆಗೆದ. ಓಟಿಪಿ ಬಂದ ಹಾಗೆಲ್ಲ ಓದಿ ಹೇಳಿದೆ. ಇಂಗ್ಲಿಷಿನಲ್ಲಿ ಉದ್ದದ ಬರಹ ಬಂತು. "ಅದೇನಿಲ್ಲ ಅಕ್ಕ, ಟಿಕ್ ಮಾಡಿ" ಎಂದ. ಮಾಡಿದೆ. ಅವರು ತರಿಸಿಕೊಟ್ಟ ಕಾಫಿ ಆರುವ ಮೊದಲೇ ನಾನು ಸಾಲಗಾರಳಾಗಿದ್ದೆ. ಸಾಲ ಕೊಟ್ಟವರು ಅಂಗಡಿಯವರಲ್ಲ, ನಾನು ಹೆಸರೂ ಕೇಳದ ಯಾವುದೋ ಫೈನಾನ್ಸ್ ಕಂಪನಿ ಎಂಬುದು ಆ ಗಳಿಗೆಯಲ್ಲಿ ಹೊಳೆಯಲೂ ಇಲ್ಲ. ಗಲ್ಲಾದಲ್ಲಿ 236 ರೂಪಾಯಿ ಹೆಚ್ಚಿಗೆ ತೆಗೆದುಕೊಂಡರು. ಕೇಳಿದ್ದಕ್ಕೆ, "ಪ್ರೋಸೆಸಿಂಗ್ ಫೀ ಇನ್ನೂರು, ಜಿಎಸ್‌ಟಿ ಮೂವತ್ತಾರು" ಎಂದರು.

ಇನ್ನೊಂದು ತಮಾಷೆ ಕೇಳಿ. ಮೊದಲ ಕಂತು, ಫೀ ಎರಡೂ ಕೊಟ್ಟ ಮೇಲೆ ಚೀಲದಲ್ಲಿ 2,164 ರೂಪಾಯಿ ಉಳಿದಿತ್ತಲ್ಲ, ಅದು ನನಗೆ ಉಳಿತಾಯದ ಹಾಗೆ ಕಂಡಿತು! ಮಗಳಿಗೆ ಚೂಡಿದಾರ್, ಬ್ಲೌಸ್ ಪೀಸು, ಎರಡು ಡಜನ್ ಬಳೆ, ಬಳೇಪೇಟೆಯ ಹಳೆಯ ಹೋಟೆಲಿನಲ್ಲಿ ಸಾಗು ಮಸಾಲೆ ದೋಸೆ. ಸಂಜೆ ಬಸ್ಸು ಹತ್ತುವಾಗ ಚೀಲದಲ್ಲಿ ಎಪ್ಪತ್ತು ರೂಪಾಯಿಯೂ, ತಲೆಯ ಮೇಲೆ 7,200 ರೂಪಾಯಿ ಸಾಲವೂ ಇದ್ದವು. ಕೈಯಲ್ಲಿದ್ದ ದುಡ್ಡು ಸೀರೆಯದೆಂದು ಮನಸ್ಸು ಒಪ್ಪಲೇ ಇಲ್ಲ. ಈ ಕಂತಿನ ವ್ಯವಹಾರದ ಮಾಯೆ ಇರುವುದೇ ಅಲ್ಲಿ.

ಮನೆಯಲ್ಲಿ ಬೆಲೆ ಕೇಳಿದಾಗ "ಐದು ಸಾವಿರ, ಸೇಲಿನಲ್ಲಿ" ಎಂದುಬಿಟ್ಟೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಯಜಮಾನರಿಗೆ ಹೇಳಿದ ದೊಡ್ಡ ಸುಳ್ಳು ಅದು.

ಆಗಸ್ಟ್ 5ರ ಕಂತನ್ನು ಮನೆಖರ್ಚಿನ ದುಡ್ಡಿನಲ್ಲಿ ಹೇಗೋ ತುಂಬಿದೆ. ಆ ತಿಂಗಳು ಎಣ್ಣೆ ಸಾಲದೆ ಒಗ್ಗರಣೆಗೂ ಕೈಹಿಡಿತ. ಸೆಪ್ಟೆಂಬರ್ 5 ಬಂತು. ಮಾರನೆಯ ದಿನ ಗೌರಿ ಹಬ್ಬ. ಬಾಗಿನಕ್ಕೆ ಮೊರ, ಬಳೆ, ಹೂವು ತರಲು ಖಾತೆಯಿಂದ 200 ರೂಪಾಯಿ ತೆಗೆದೆ. ಉಳಿದದ್ದು 3,480. ಬೇಕಿದ್ದದ್ದು 3,600. ಕಂತಿನ ದುಡ್ಡು ಖಾತೆಯಿಂದ ತಾನಾಗಿ ಹೋಗಲಿ ಎಂದು ನಾನೇ ಓಟಿಪಿ ಹೇಳಿ ಒಪ್ಪಿಗೆ ಕೊಟ್ಟಿದ್ದೆ. ಬರೀ 120 ರೂಪಾಯಿ ಸಾಲದೆ ಅದು ವಾಪಸಾಯಿತು. ನಾಲ್ಕು ದಿನ ಬಿಟ್ಟು ಮತ್ತೆ ಕಳಿಸಿದರು, ಮತ್ತೆ ವಾಪಸು. ಒಂದೊಂದು ವಾಪಸಿಗೂ ನನ್ನ ಬ್ಯಾಂಕು 295 ರೂಪಾಯಿ ಮುರಿದುಕೊಂಡಿತು.

ಆಮೇಲೆ ಫೋನುಗಳು. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟಾಗ, ರಾತ್ರಿ ಎಂಟೂವರೆಗೆ ಎಲ್ಲರೂ ಊಟಕ್ಕೆ ಕೂತಾಗ. ಗಣೇಶನನ್ನು ನೋಡಲು ಬಂದ ನೆಂಟರ ಮುಂದೆಯೂ ಒಮ್ಮೆ ಬಂತು. "ರಾಂಗ್ ನಂಬರ್" ಎಂದೆ. ಕೊನೆಗೆ ಚೀಟಿ ದುಡ್ಡಿನಲ್ಲಿ ಮುರಿದು, ಪಕ್ಕದ ಮನೆಯ ಹುಡುಗನ ಕೈಲಿ 3,600 ಕಟ್ಟಿಸಿದೆ. ಫೋನು ನಿಂತಿತು. ಮುಗಿಯಿತಲ್ಲ ಎಂದು, ಮನೆಯಲ್ಲಿ ಯಾರೂ ನೋಡದಿರಲೆಂದು ಆ ಆ್ಯಪನ್ನೇ ಅಳಿಸಿಹಾಕಿದೆ. ಆ್ಯಪ್ ಅಳಿಸಿದರೆ ಸಾಲ ಅಳಿಯುವುದಿಲ್ಲ ಎಂದು ತಿಳಿದದ್ದು ಒಂಬತ್ತು ತಿಂಗಳ ಮೇಲೆ.

2025ರ ಜೂನ್. ಮಗಳು ಪಿಯುಸಿ ಮುಗಿಸಿ, ತುಮಕೂರಿನ ಕಾಲೇಜೊಂದರಲ್ಲಿ ಬಿಸಿಎಗೆ ಸೀಟು ಸಿಕ್ಕಿತ್ತು. ಫೀಜು, ಹಾಸ್ಟೆಲು ಸೇರಿ ನಮ್ಮ ಕೈಮೀರಿದ್ದು. ವಿದ್ಯಾಭ್ಯಾಸದ ಸಾಲಕ್ಕೆ ಬ್ಯಾಂಕಿಗೆ ಹೋದೆವು. ಜೊತೆಗೆ ತಂದೆ ತಾಯಿ ಇಬ್ಬರ ಹೆಸರೂ ಸೇರಬೇಕು ಎಂದರು. ನಮ್ಮೂರಿನ ಸಂಘದಲ್ಲಿ ಕೂಡ ಒಂದು ಕಂತು ತಪ್ಪಿಸಿದವಳಲ್ಲ ಎಂದು ಧೈರ್ಯವಾಗಿ ಕೂತಿದ್ದೆ. ಅಧಿಕಾರಿ ಕಂಪ್ಯೂಟರು ನೋಡಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ಅಮ್ಮಾ, ನಿಮ್ಮ ಹೆಸರಲ್ಲಿ ಒಂದು ಸಾಲ ಬಾಕಿ ತೋರಿಸ್ತಿದೆಯಲ್ಲ? ಮೊತ್ತ ಸಣ್ಣದು, ನಾನೂರೈವತ್ತು. ಆದರೆ ಒಂಬತ್ತು ತಿಂಗಳಿಂದ ಇದೆ."

ಅದು ಕಂತು ತಡವಾದ ದಂಡ. ಅಸಲು ಕಟ್ಟಿದ್ದೆ, ದಂಡ ಉಳಿದಿತ್ತು.

ಯಜಮಾನರು ನನ್ನ ಕಡೆ ತಿರುಗಿದರು. ಮಗಳೂ ನೋಡಿದಳು. ನೆಲ ಬಾಯ್ಬಿಡಬಾರದೇ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ಅಂದು ಗೊತ್ತಾಯಿತು. "ಬಾಕಿ ತೀರಿಸಿ, ತೀರಿದ್ದಕ್ಕೆ ಪತ್ರ ತನ್ನಿ. ದಾಖಲೆ ಸರಿಯಾದ ಮೇಲೆ ನೋಡೋಣ" ಎಂದರು ಅಧಿಕಾರಿ. ಅವರದೇನೂ ತಪ್ಪಿಲ್ಲ. ಆದರೆ ಕಾಲೇಜಿನ ಫೀಜಿಗೆ ಹದಿಮೂರೇ ದಿನ ಉಳಿದಿತ್ತು.

ಬಸ್‌ಸ್ಟ್ಯಾಂಡಿನವರೆಗೂ ಯಾರೂ ಮಾತಾಡಲಿಲ್ಲ. ರಾತ್ರಿ ಎಲ್ಲ ಹೇಳಿಕೊಂಡೆ. ಯಜಮಾನರು ಬೈಯಲಿಲ್ಲ. ಮಂಡಿಯ ಲೆಕ್ಕ ಬರೆಯುವ ಹಾಗೆ ಒಂದು ಹಾಳೆ ತೆಗೆದುಕೊಂಡು ಕೂತರು. "ಬಡ್ಡಿ ಸೊನ್ನೆ ಅಂದ್ರಲ್ಲ? ನೋಡು. ಅವರು ನಿನಗೆ ಕೊಟ್ಟ ಸಾಲ ಹತ್ತು ಸಾವಿರದ ಎಂಟುನೂರಲ್ಲ, ಏಳು ಸಾವಿರದ ಇನ್ನೂರು. ಅದರಲ್ಲಿ ಅರ್ಧ ಒಂದು ತಿಂಗಳಿಗೆ, ಅರ್ಧ ಎರಡು ತಿಂಗಳಿಗೆ. ಅದಕ್ಕೆ 236 ರೂಪಾಯಿ ಅಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಗೂ ಮೇಲೆ ಬಿತ್ತು. ವರ್ಷಕ್ಕೆ ನೂರಕ್ಕೆ 26. ನಮ್ಮೂರಲ್ಲಿ ಕೈಸಾಲ ಕೊಡೋರನ್ನ ಬೈತೀವಲ್ಲ, ಇವರೇನು ಕಡಿಮೆ?" ಅದರ ಕೆಳಗೆ ಬ್ಯಾಂಕಿನ 590, ದಂಡದ 450 ಬರೆದರು. ಒಟ್ಟು 1,276 ರೂಪಾಯಿ ಹೆಚ್ಚಿಗೆ. ಹಾಳೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟು, "ಸುಳ್ಳು ಯಾಕೆ ಹೇಳಿದೆ? ನಾನು ಬೇಡ ಅಂತಿದ್ನಾ?" ಎಂದರು. ಅದೊಂದು ಮಾತು ಈಗಲೂ ಚುಚ್ಚುತ್ತದೆ. ಆ ಲೆಕ್ಕ ಹಾಳೆಯಲ್ಲಿರಲಿಲ್ಲ.

ಮಂಡಿಯ ಮಾಲೀಕರ ಹತ್ತಿರ ಸಂಬಳದ ಮುಂಗಡ ಕೇಳಿ, ಹಿಂದೆಂದೂ ಕೈಚಾಚದ ಮನುಷ್ಯ ಕೈಚಾಚಿ, ಮಗಳ ಮೊದಲ ಫೀಜು ಕಟ್ಟಿದರು. 450 ಕಟ್ಟಿ ಪತ್ರ ತರಿಸಿ, ದಾಖಲೆ ಸರಿಹೋಗಿ, ಬ್ಯಾಂಕಿನ ಸಾಲ ಮಂಜೂರಾದದ್ದು ಜುಲೈ ಎರಡನೆಯ ವಾರ.

ಯೋಚಿಸಿ ನೋಡಿದರೆ ಬಸ್ಸಿನ ಸೊನ್ನೆ ಬೇರೆ, ಅಂಗಡಿಯ ಸೊನ್ನೆ ಬೇರೆ. ಬಸ್ಸಿನ ಸೊನ್ನೆಯ ಹಿಂದೆ ಸರ್ಕಾರ ನಿಗಮಕ್ಕೆ ದುಡ್ಡು ಕೊಡುತ್ತದೆ. ಅಂಗಡಿಯ ಸೊನ್ನೆಯ ಹಿಂದೆಯೂ ಯಾರೋ ಕೊಡಲೇಬೇಕಲ್ಲ? ಸಾಲದ ಕಂಪನಿ ಧರ್ಮಕ್ಕೆ ಕೂತಿಲ್ಲ. ಸೀರೆಯ ಬೆಲೆಯಲ್ಲಿ ಮೊದಲೇ ಸೇರಿಸಿರುತ್ತಾರೆ, ಇಲ್ಲವೇ ಫೀಜಿನ ಹೆಸರಲ್ಲಿ ತೆಗೆಯುತ್ತಾರೆ, ಇಲ್ಲವೇ ನಾವು ತಪ್ಪಿದಾಗ ದಂಡದಲ್ಲಿ. 2013ರಲ್ಲಿಯೇ ರಿಸರ್ವ್ ಬ್ಯಾಂಕು ಕ್ರೆಡಿಟ್ ಕಾರ್ಡಿನ ಸೊನ್ನೆ ಬಡ್ಡಿಯ ಕಂತುಗಳ ಬಗ್ಗೆ ಬ್ಯಾಂಕುಗಳಿಗೆ ಬರೆಯುತ್ತಾ, ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಪ್ರೋಸೆಸಿಂಗ್ ಫೀಯ ವೇಷದಲ್ಲಿ ವಸೂಲು ಮಾಡಲಾಗುತ್ತಿದೆ ಎಂದಿತ್ತು. ದೇಶದ ದೊಡ್ಡ ಬ್ಯಾಂಕಿಗೆ ಅಂದೇ ಗೊತ್ತಿದ್ದದ್ದು ನನಗೆ ಗೊತ್ತಾಗಲು ಇಷ್ಟು ಕಾಲ ಬೇಕಾಯಿತು.

ಹಾಗೆಂದು ಚಿಕ್ಕಪೇಟೆಗೇ ಹೋಗಬಾರದೆಂದೇ? ಛೆ, ಛೆ! 2025ರ ಆಷಾಢ ಮುಗಿಯುವ ಮೊದಲು ಮತ್ತೆ ಹೋಗಿದ್ದೆ. ಈ ಸಲ ಮಗಳೂ ಜೊತೆಗೆ. ಹಾಸ್ಟೆಲಿಗೆ ಹೊದಿಕೆ, ನಾಲ್ಕು ಜೊತೆ ಬಟ್ಟೆ ಬೇಕಿತ್ತು. ತುಮಕೂರು ರಸ್ತೆಯಿಂದ ಬರುವವರು ಮೆಜೆಸ್ಟಿಕ್‌ವರೆಗೆ ಟ್ರಾಫಿಕ್ಕಿನಲ್ಲಿ ತೆವಳಬೇಕಿಲ್ಲ. ಗೊರಗುಂಟೆಪಾಳ್ಯದಲ್ಲಿ ಇಳಿದು ಹಸಿರು ಮೆಟ್ರೋ ಹತ್ತಿದರೆ ಗಾಡಿ ಬದಲಿಸದೆ ಚಿಕ್ಕಪೇಟೆಗೇ ಇಳಿಸುತ್ತದೆ. ಮೆಟ್ರೋದಲ್ಲಿ ಮಾತ್ರ ಸೊನ್ನೆ ಟಿಕೆಟ್ಟಿಲ್ಲ, ನೆನಪಿರಲಿ.

ಲಕೋಟೆಯಲ್ಲಿ 2,500 ರೂಪಾಯಿ. ಪ್ಯಾನ್ ಕಾರ್ಡಿನ ಚಿತ್ರವನ್ನು ಫೋನಿನಿಂದ ತೆಗೆದು ಬಂದಿದ್ದೆ. ಕುತೂಹಲಕ್ಕೆಂದು, ಸೇಲಿನ ಫಲಕವೇ ಇಲ್ಲದ ಒಂದು ಹಳೆಯ ಅಂಗಡಿಗೆ ಹೋಗಿ ನನ್ನ ಗಿಳಿಹಸಿರು ಸೀರೆಯಂಥದ್ದನ್ನೇ ಕೇಳಿದೆ. 11,000 ಎಂದರು. ನಗದಾದರೆ 10,200ಕ್ಕೆ ಕೊಡುತ್ತೇವೆ ಎಂದರು. ನಲವತ್ತು ರಿಯಾಯಿತಿ ಎಲ್ಲಿಂದ ಬಂದು ಎಲ್ಲಿಗೆ ಹೋಯಿತೆಂದು ನೀವೇ ಲೆಕ್ಕ ಹಾಕಿ. ಗೀಟು ಎಳೆದ 18,000 ಎಂದಾದರೂ ಯಾರಾದರೂ ಕೊಟ್ಟ ಬೆಲೆಯೋ, ಗೀಟು ಎಳೆಯಲೆಂದೇ ಬರೆದ ಬೆಲೆಯೋ!

ನನ್ನ ಹಾಗೆ ಎಡವದಿರಲೆಂದು ಕೆಲವು ಮಾತು ಹೇಳುತ್ತೇನೆ. ಅಡಿಗೆ ಮನೆಯ ಗೋಡೆಗೆ ಅಂಟಿಸಿಕೊಂಡರೂ ಆದೀತು.

ಸೇಲಿಗೆ ಹೋಗುವ ಮೊದಲು ನಿಮ್ಮೂರಿನ ಅಂಗಡಿಯಲ್ಲಿ ಅದೇ ಬಗೆಯ ಬಟ್ಟೆಯ ಬೆಲೆ ಕೇಳಿಕೊಂಡು ಹೋಗಿ. ಎಷ್ಟು ಇಳಿಸಿದರು ಎನ್ನುವುದಲ್ಲ, ಕೊನೆಗೆ ಎಷ್ಟು ಕೊಟ್ಟೆವು ಎನ್ನುವುದು ಮುಖ್ಯ. ರೇಷ್ಮೆ ಎಂದರೆ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ. ಬಿಲ್ಲು ಬಿಡಬೇಡಿ. ಸೇಲಿನ ಸರಕೆಂದು ಹರಿದದ್ದನ್ನು ಕೊಟ್ಟು ವಾಪಸು ಇಲ್ಲವೆಂದರೆ 1915 ಎಂಬ ಗ್ರಾಹಕರ ಸಹಾಯವಾಣಿಗೆ ಫೋನು ಮಾಡಿ.

ಕಂತಿನಲ್ಲಿ ಕೊಳ್ಳಲೇಬೇಕಾಯಿತು ಎನ್ನಿ. ಸಾಲ ಕೊಡುವವರು ಮೊದಲೇ "ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್" ಎಂಬ ಪತ್ರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಫೀಜು ಎಲ್ಲ ಸೇರಿ ವರ್ಷಕ್ಕೆ ನೂರಕ್ಕೆ ಎಷ್ಟು ಬೀಳುತ್ತದೆಂದು ಅದರಲ್ಲಿರುತ್ತದೆ. ಅದರಲ್ಲಿ ಇಲ್ಲದ ಶುಲ್ಕವನ್ನು ಆಮೇಲೆ ನಿಮ್ಮನ್ನು ಕೇಳದೆ ಹಾಕುವಂತಿಲ್ಲ. ನನ್ನ ಕೈಲಿ ಟಿಕ್ ಮಾಡಿಸಿದ ಉದ್ದದ ಬರಹದಲ್ಲಿ ಅದೂ ಇದ್ದಿರಬೇಕು. ಓದಲು ಬಾರದಿದ್ದರೆ ಮನೆಗೆ ತಂದು ಮಕ್ಕಳ ಕೈಲಿ ಓದಿಸಿ. ಸೀರೆ ಎಲ್ಲಿಗೂ ಓಡಿಹೋಗುವುದಿಲ್ಲ. ಸಾಲ ತೆಗೆದುಕೊಂಡ ಮೇಲೆ ಮನಸ್ಸು ಬದಲಾದರೆ ಹಿಂದೆ ಸರಿಯಲು ಕನಿಷ್ಠ ಒಂದು ದಿನದ ಅವಕಾಶ ಕೊಡಬೇಕೆಂದೂ 2025ರ ನಿಯಮ ಹೇಳುತ್ತದೆ. ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿದರೆ ದಂಡವಿಲ್ಲದೆ ಹೊರಬರಬಹುದು. ಪ್ರೋಸೆಸಿಂಗ್ ಫೀ ಮಾತ್ರ ವಾಪಸು ಬಾರದೆ ಹೋಗಬಹುದು. ನಿಮ್ಮ ಫೋನಿನಲ್ಲಿರುವ ನೆಂಟರಿಷ್ಟರ ನಂಬರುಗಳನ್ನು, ಫೋಟೋಗಳನ್ನು ಸಾಲದ ಆ್ಯಪ್ ನೋಡುವಂತಿಲ್ಲ. ಕೇಳಿದರೆ ಅಲ್ಲೇ ಬಿಟ್ಟು ಏಳಿ.

ಕಂತು ಹೋಗುವ ದಿನಕ್ಕೆ ಮೂರು ದಿನ ಮುಂಚೆ ಖಾತೆ ನೋಡಿಕೊಳ್ಳಿ. ಕ್ಯಾಲೆಂಡರಿನಲ್ಲಿ ಹಬ್ಬಗಳ ಪಕ್ಕದಲ್ಲಿಯೇ ಗುರುತು ಹಾಕಿ. ತಡವಾದರೆ ಅಸಲಿನ ಜೊತೆ ದಂಡವೂ ಉಳಿದಿದೆಯೇ ಎಂದು ಕೇಳಿ ತೀರಿಸಿ, ತೀರಿದ ಪತ್ರ ಇಸಿದುಕೊಂಡ ಮೇಲೆಯೇ ಆ್ಯಪ್ ತೆಗೆಯಿರಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನು ಮಾಡುವಂತಿಲ್ಲ. ಇದು ಗೊತ್ತಿದ್ದರೆ ಆ ರಾತ್ರಿ ನಾನು ಅಷ್ಟು ಹೆದರುತ್ತಿರಲಿಲ್ಲ. ಕಂಪನಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ವಿಚಾರಿಸಲು 14448ಕ್ಕೆ ಫೋನು ಮಾಡಿ.

ಇನ್ನೊಂದು. ನಮ್ಮ ಹೆಸರಿನ ಸಾಲದ ದಾಖಲೆಯನ್ನು ಸಿಬಿಲ್ ಮೊದಲಾದ ನಾಲ್ಕು ಕಂಪನಿಗಳು ಇಟ್ಟಿರುತ್ತವೆ. ಒಂದೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕು. ತಪ್ಪಿದ್ದರೆ ದೂರು ಕೊಡಿ. ಮೂವತ್ತು ದಿನದಲ್ಲಿ ಸರಿಮಾಡದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರಿಂದ ಜಾರಿಯಲ್ಲಿದೆ. ವರ್ಷಕ್ಕೊಮ್ಮೆ ಅಟ್ಟ ಗುಡಿಸುವುದಿಲ್ಲವೇ, ಹಾಗೆ ಇದನ್ನೂ ಒಮ್ಮೆ ನೋಡಿಬಿಡಿ. ಮಕ್ಕಳ ಓದಿಗೆ, ಮನೆಗೆ ಸಾಲ ಬೇಕಾದ ದಿನ ನೋಡಿದರೆ ತಡವಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಮಾತು, ಮನೆಯಲ್ಲಿ ಹೇಳಿಬಿಡಿ. ಬೆಲೆಯನ್ನೂ ಹೇಳಿ, ಸಾಲವನ್ನೂ ಹೇಳಿ. ಅಡಗಿಸಿಟ್ಟದ್ದು ಉಪ್ಪಿನಕಾಯಿಯಾದರೆ ಕಾಲ ಕಳೆದಂತೆ ರುಚಿಯಾಗುತ್ತದೆ, ಸಾಲವಾದರೆ ಕೊಳೆಯುತ್ತದೆ.

ಚಿಕ್ಕಪೇಟೆಯಿಂದ ಹಿಂತಿರುಗುವಾಗ ಬಸ್ಸಿನಲ್ಲಿ ಮಗಳು ಕೇಳಿದಳು: "ಅಮ್ಮ, ಆ ಹಸಿರು ಸೀರೆ ಯಾಕೆ ಉಡಲ್ಲ ನೀನು?" ಮದುವೆಯ ದಿನ ಉಟ್ಟದ್ದೇ ಕೊನೆ, ಬ್ಯಾಂಕಿನಿಂದ ಬಂದ ಮೇಲೆ ಬೀರುವಿನ ತಳಕ್ಕೆ ಸೇರಿಸಿದ್ದೆ. ನಾನು ಮಾತಾಡಲಿಲ್ಲ. ಅವಳೇ ಹೇಳಿದಳು: "ಹನ್ನೆರಡು ಸಾವಿರದ ಎಪ್ಪತ್ತಾರು ರೂಪಾಯಿ ಕೊಟ್ಟಿದೀವಿ. ಉಟ್ಕೋ ಅಮ್ಮ, ನಿಂಗೆ ಚೆನ್ನಾಗಿ ಕಾಣತ್ತೆ."

ಅಪ್ಪನ ಮಗಳು, ಲೆಕ್ಕದಲ್ಲಿ ಒಂದು ರೂಪಾಯಿ ಬಿಟ್ಟಿರಲಿಲ್ಲ. ಆ ವರ್ಷ ವರಮಹಾಲಕ್ಷ್ಮಿ ಪೂಜೆಗೆ ಅದನ್ನೇ ಉಟ್ಟೆ. ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯವರು ಸೆರಗು ಹಿಡಿದು ನೋಡಿ, "ಸೇಲಿನಲ್ಲಿ ತಗೊಂಡ್ರಾ? ಎಷ್ಟಾಯ್ತು?" ಎಂದು ಕೇಳಿದರು. ಕೂರಿಸಿ, ಕಾಫಿ ಕೊಟ್ಟು, ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದೆ.